ಯಾವುದರ ಮೂರನೇ ಒಂದು ಭಾಗ?

ಸ್ತನ ಕ್ಯಾನ್ಸರ್ ಆಪರೇಷನ್ನಿನ ರಿಪೋರ್ಟಿನಲ್ಲಿ 0/14 ಎಂದು ಬರೆದಿತ್ತು. ಅದನ್ನು ನೋಡಿ ಮಗನ ಮುಖ ಬಾಡಿತ್ತು. ಹದಿನಾಲ್ಕಕ್ಕೆ ಸೊನ್ನೆ ಅಂದರೆ ಯಾರಿಗಾದರೂ ಹಾಗೇ ಅನಿಸುತ್ತದೆ ಬಿಡಿ. ಕಂಕುಳಿನಿಂದ ತೆಗೆದ ಹದಿನಾಲ್ಕು ಗಂಟುಗಳಲ್ಲಿ (ದುಗ್ಧಗ್ರಂಥಿಗಳಲ್ಲಿ) ಒಂದಕ್ಕೂ ಕ್ಯಾನ್ಸರ್ ಹರಡಿಲ್ಲ ಅಂತ ಅದರ ಅರ್ಥ ಎಂದೆ. ಪಕ್ಕದಲ್ಲಿದ್ದ ತಾಯಿ ನಕ್ಕರು. "ಸೊನ್ನೆ ನೋಡಿ ಖುಷಿಪಟ್ಟಿದ್ದು ಇದೇ ಮೊದಲು ಡಾಕ್ಟ್ರೇ." ವಯಸ್ಸು 61. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದವರು.

ಮಗ ಮಾತ್ರ ನಗಲಿಲ್ಲ. ಒಳಗೆ ಬರುವ ಮುಂಚೆ ಅವರು ನನ್ನನ್ನು ಕಾರಿಡಾರಿನಲ್ಲಿ ನಿಲ್ಲಿಸಿ, "ಅಮ್ಮನ ಮುಂದೆ ಕ್ಯಾನ್ಸರ್ ಅನ್ನಬೇಡಿ, ಗಡ್ಡೆ ಅಂತಷ್ಟೇ ಹೇಳಿದ್ದೀವಿ" ಎಂದಿದ್ದರು. ಅದು ಆಗುವುದಿಲ್ಲ ಎಂದಿದ್ದೆ. ಕಿಮೋ ಬೇಕೋ ಬೇಡವೋ ಅಂತ ತೀರ್ಮಾನ ಮಾಡಬೇಕಾದವರು ತಾಯಿ. ಯಾವ ಕಾಯಿಲೆ ಅಂತ ಗೊತ್ತಿಲ್ಲದೆ ಏನು ತೀರ್ಮಾನ ಮಾಡುತ್ತಾರೆ? ಟೀಚರ್ ಮಗನ ಕಡೆ ತಿರುಗಿ, "ಆಸ್ಪತ್ರೆ ಬೋರ್ಡು ಓದೋಕೆ ನನಗೆ ಬರುತ್ತಲ್ಲಪ್ಪಾ" ಎಂದರು. ಆ ವಿಷಯ ಅಲ್ಲಿಗೆ ಮುಗಿಯಿತು.

ಆಮೇಲೆ ಎಲ್ಲರೂ ಕೇಳುವ ಪ್ರಶ್ನೆಯನ್ನೇ ಕೇಳಿದರು. "ಗಡ್ಡೆ ಪೂರ್ತಿ ತೆಗೆದಾಯ್ತಲ್ಲ, ಮತ್ಯಾಕೆ ಕಿಮೋ?"

ಆಪರೇಷನ್ನಿಗೆ ಮೊದಲೇ ಕೆಲವು ಕಣಗಳು ರಕ್ತದಲ್ಲಿ ಸೇರಿ ಎಲುಬಿಗೋ ಲಿವರಿಗೋ ಹೋಗಿ ಕೂತಿರಬಹುದು. ಪೆಟ್ ಸ್ಕ್ಯಾನಿನಲ್ಲೂ ಕಾಣದಷ್ಟು ಸಣ್ಣವು. ಕೆಲವರಲ್ಲಿ ಹಾಗೆ ಹೋಗಿರುತ್ತವೆ, ಬಹಳ ಜನರಲ್ಲಿ ಹೋಗಿರುವುದಿಲ್ಲ. ಯಾರಲ್ಲಿ ಅಂತ ನೋಡಿ ಹೇಳಲು ಬರುವುದಿಲ್ಲ. ಜನ 'ಕರೆಂಟ್ ಕೊಡೋದು' ಅನ್ನುತ್ತಾರಲ್ಲ, ಆ ರೇಡಿಯೇಷನ್ ಎದೆಯ ಜಾಗಕ್ಕಷ್ಟೇ ಕೆಲಸ ಮಾಡುತ್ತದೆ. ದೂರ ಹೋದ ಕಣಗಳಿಗೆ ಮೈಯೆಲ್ಲ ಸುತ್ತುವ ಔಷಧಿಯೇ ಬೇಕು. 1976ರಲ್ಲಿ ಇಟಲಿಯ ಮಿಲಾನ್‌ನಲ್ಲಿ ಜಾನ್ನಿ ಬೊನಡೊನ್ನ ಎಂಬ ವೈದ್ಯರ ತಂಡ, ಆಪರೇಷನ್ ಆದಮೇಲೆ ಮೂರು ಔಷಧಿ ಸೇರಿಸಿ ಕೊಟ್ಟರೆ ಕಾಯಿಲೆ ಮರಳುವುದು ಕಡಿಮೆಯಾಗುತ್ತದೆ ಎಂದು ತೋರಿಸಿತು. ಅಲ್ಲಿಂದ ಈ ಪದ್ಧತಿ ಊರೂರಿಗೂ ಬಂತು.

"ಎಷ್ಟು ಕಡಿಮೆ ಮಾಡುತ್ತೆ?" ಮಗನ ಪ್ರಶ್ನೆ.

ಒಳ್ಳೆಯ ಕಿಮೋ ಕೊಟ್ಟರೆ ಸ್ತನ ಕ್ಯಾನ್ಸರ್‌ನಿಂದ ಸಾಯುವ ಅಪಾಯ ಸುಮಾರು ಮೂರನೇ ಒಂದು ಭಾಗ ಇಳಿಯುತ್ತದೆ ಅಂತ ಹಳೆಯ ದೊಡ್ಡ ಅಧ್ಯಯನಗಳ ಒಟ್ಟು ಲೆಕ್ಕ ಹೇಳುತ್ತದೆ ಎಂದೆ. ಮಗ ಆಗಲೇ ಮೊಬೈಲ್ ತೆಗೆದು ರಜೆ ಲೆಕ್ಕ ಹಾಕಲು ಶುರು ಮಾಡಿದ್ದರು. ಟೀಚರ್ ಕೈ ಎತ್ತಿದರು. ಕ್ಲಾಸಿನಲ್ಲಿ ಹುಡುಗರು ಎತ್ತುವ ಹಾಗೆ. "ಯಾವುದರ ಮೂರನೇ ಒಂದು ಭಾಗ?"

ಈ ಪ್ರಶ್ನೆಯನ್ನು ಪ್ರತಿ ರೋಗಿಯೂ ಕೇಳಬೇಕು. ಕೇಳುವವರು ಕಡಿಮೆ.

ಪ್ರಿಸ್ಕ್ರಿಪ್ಷನ್ ಪ್ಯಾಡ್ ತಿರುವಿ, ಹಿಂಬದಿಯಲ್ಲಿ ಹತ್ತು ಸಾಲು, ಸಾಲಿಗೆ ಹತ್ತು ಚುಕ್ಕಿ ಇಟ್ಟೆ. ನೂರು ಹೆಂಗಸರು ಅಂದುಕೊಳ್ಳಿ. ಎಲ್ಲರಿಗೂ ದೊಡ್ಡ ಗಡ್ಡೆ, ಕಂಕುಳಿನ ಗಂಟಿಗೂ ಹರಡಿದೆ. ಕಿಮೋ ಇಲ್ಲದಿದ್ದರೆ ಇವರಲ್ಲಿ 30 ಜನರನ್ನು ಈ ಕಾಯಿಲೆ ತೆಗೆದುಕೊಂಡು ಹೋಗುತ್ತದೆ ಅಂತಿಟ್ಟುಕೊಳ್ಳಿ. ಮೂರನೇ ಒಂದು ಭಾಗ ಇಳಿದರೆ 20. ಹತ್ತು ಜೀವ ಉಳಿಯಿತು. ಇನ್ನೊಂದು ಹಾಳೆಯ ನೂರು ಜನರದ್ದು ಸಣ್ಣ ಗಡ್ಡೆ, ಗಂಟು ಸ್ವಚ್ಛ. ಅಲ್ಲಿ ಅಪಾಯ ಇರುವುದೇ 6 ಜನರಿಗೆ ಅಂತಾದರೆ, ಅದು 4ಕ್ಕೆ ಇಳಿಯುತ್ತದೆ. ಇಬ್ಬರಿಗಾಗಿ ನೂರು ಜನರ ಕೂದಲು ಉದುರಬೇಕು. ಎರಡೂ ಕಡೆ 'ಮೂರನೇ ಒಂದು'. ಆದರೆ ಎರಡೂ ಒಂದೇ ಅಲ್ಲ, ಅಲ್ವಾ?

ಈ ಅಂಕಿಗಳು ಲೆಕ್ಕ ತಿಳಿಯಲಿ ಅಂತ ನಾನು ಇಟ್ಟುಕೊಂಡವು. ನಿಮ್ಮ ನೂರರಲ್ಲಿ ಎಷ್ಟು ಅನ್ನುವುದನ್ನು ನಿಮ್ಮ ರಿಪೋರ್ಟ್ ಹೇಳಬೇಕು. ಗಡ್ಡೆಯ ಅಳತೆ, ಗಂಟುಗಳು, ಗ್ರೇಡ್ (ಕಣಗಳು ಎಷ್ಟು ಕೆಟ್ಟ ಸ್ವಭಾವದವು ಅನ್ನುವುದು) ಬೇಕು. ಅದಕ್ಕಿಂತ ಮುಖ್ಯವಾಗಿ ಇಆರ್, ಪಿಆರ್, ಹರ್2 ಎಂಬ ಮೂರು ಸಾಲು ನೋಡಿ. ಇಆರ್, ಪಿಆರ್ ಪಾಸಿಟಿವ್ ಅಂದರೆ ಗಡ್ಡೆ ಹಾರ್ಮೋನ್ ಬಲದಿಂದ ಬೆಳೆಯುವಂಥದ್ದು. ಹರ್2 ಅಂದರೆ ಕಣಗಳನ್ನು ಬೇಗ ಬೆಳೆಸುವ ಒಂದು ಪ್ರೋಟೀನ್. ಹರ್2 ಎದುರು 2+ ಅಂತಿದ್ದರೆ ಅದು ಪಾಸಿಟಿವೂ ಅಲ್ಲ, ನೆಗೆಟಿವೂ ಅಲ್ಲ. ಹರ್2 ಜೀನ್ ಎಣಿಸುವ ಫಿಶ್ ಪರೀಕ್ಷೆ ಆಗುವ ತನಕ ಉತ್ತರ ಬಂದಿಲ್ಲ ಅಂತಲೇ ಅರ್ಥ. ಆ ಪರೀಕ್ಷೆ ಬಿಟ್ಟು ಕಿಮೋ ಶುರು ಮಾಡಿಕೊಂಡು ಬಂದವರನ್ನು ಈಗಲೂ ನೋಡುತ್ತೇನೆ. ಸಿಟ್ಟು ಬರುತ್ತದೆ.

ಟೀಚರ್‌ದು 1.8 ಸೆಂ.ಮೀ. ಗಡ್ಡೆ, ಗ್ರೇಡ್ 2, ಇಆರ್ ಚೆನ್ನಾಗಿ ಪಾಸಿಟಿವ್, ಹರ್2 ನೆಗೆಟಿವ್. ನಾನು ಕಲಿಯುವಾಗ ಗಡ್ಡೆ ಒಂದು ಸೆಂಟಿಮೀಟರ್ ದಾಟಿದರೆ ಕಿಮೋ ಬರೆಯುವುದೇ ರೂಢಿ. ಆಗ ನಾವು ಕೊಟ್ಟ ಎಷ್ಟೋ ಜನರಿಗೆ ಈಗಾದರೆ ಕೊಡುತ್ತಿರಲಿಲ್ಲ.

ಅದನ್ನು ಬದಲಿಸಿದ್ದು ಗಡ್ಡೆಯ ವಂಶವಾಹಿಗಳನ್ನು ಓದುವ ಪರೀಕ್ಷೆಗಳು. ಆನ್ಕೊಟೈಪ್ ಡಿಎಕ್ಸ್ 21 ಜೀನ್ ನೋಡಿ ಕಾಯಿಲೆ ಮರಳುವ ಅಪಾಯಕ್ಕೆ 0ಯಿಂದ 100ರೊಳಗೆ ಒಂದು ಅಂಕ ಕೊಡುತ್ತದೆ. ಟೇಲರ್‌ಎಕ್ಸ್ ಎಂಬ ಪ್ರಯೋಗದಲ್ಲಿ ಹತ್ತು ಸಾವಿರಕ್ಕೂ ಜಾಸ್ತಿ ಹೆಂಗಸರಿದ್ದರು. ಎಲ್ಲರದೂ ಗಂಟು ಸ್ವಚ್ಛ, ಹಾರ್ಮೋನ್ ಪಾಸಿಟಿವ್. 2018ರಲ್ಲಿ ಫಲಿತಾಂಶ ಬಂತು. ಅಂಕ 11ರಿಂದ 25 ಇದ್ದವರಲ್ಲಿ, ಬರೀ ಹಾರ್ಮೋನ್ ಮಾತ್ರೆ (ಹಾರ್ಮೋನ್ ತಡೆಯುವ ಮಾತ್ರೆ) ನುಂಗಿದವರ ಪೈಕಿ ಒಂಬತ್ತು ವರ್ಷದ ನಂತರ ಬದುಕಿದ್ದವರು ಶೇ. 93.9. ಕಿಮೋನೂ ಮಾತ್ರೆಯೂ ತಗೊಂಡವರಲ್ಲಿ ಶೇ. 93.8. ಅಂದರೆ ಇವರ ಮಟ್ಟಿಗೆ ನನ್ನ 'ಮೂರನೇ ಒಂದು' ಕೂಡ ಸುಳ್ಳು. ಇಳಿಕೆ ಸೊನ್ನೆಯ ಹತ್ತಿರ.

ಆದರೆ 50 ದಾಟದವರಲ್ಲಿ ಅಂಕ 16ರಿಂದ 25 ಇದ್ದಾಗ ಕಿಮೋದಿಂದ ಸ್ವಲ್ಪ ಲಾಭ ಕಂಡಿತು. 2021ರ ಇನ್ನೊಂದು ಪ್ರಯೋಗವೂ ಇಂಥದ್ದೇ ಕಥೆ ಹೇಳಿತು. ಒಂದರಿಂದ ಮೂರು ಗಂಟಿಗೆ ಹರಡಿ, ಅಂಕ 25ರೊಳಗಿದ್ದರೆ, ಮುಟ್ಟು ನಿಂತವರಿಗೆ ಕಿಮೋದಿಂದ ಉಪಯೋಗವಿಲ್ಲ. ಮುಟ್ಟಾಗುತ್ತಿರುವವರಿಗೆ ಇದೆ. ಕಿಮೋ ಅಂಡಾಶಯವನ್ನು ನಿಲ್ಲಿಸುವುದರಿಂದಲೂ ಆ ಲಾಭದ ಒಂದು ಪಾಲು ಬರುತ್ತಿರಬಹುದು. ಹಾಗಾಗಿ ಕಿಮೋ ಬದಲು ಅಂಡಾಶಯ ನಿಲ್ಲಿಸುವ ಇಂಜೆಕ್ಷನ್ ಸಾಕಾ ಅಂತಲೂ ಕೇಳಬಹುದು. ಪ್ರಾಮಾಣಿಕ ಉತ್ತರ ಒಬ್ಬೊಬ್ಬರಿಗೂ ಬೇರೆ ಬರುತ್ತದೆ.

ಆನ್ಕೊಟೈಪ್ ಪರೀಕ್ಷೆಗೆ ಮೇಣದಲ್ಲಿ ಕೂಡಿಸಿಟ್ಟ ನಿಮ್ಮ ಗಡ್ಡೆಯ ತುಂಡು ಅಮೆರಿಕಕ್ಕೆ ಹೋಗಬೇಕು, ಖರ್ಚು ಲಕ್ಷದ ಮಾತು. ಬೆಂಗಳೂರಿನಲ್ಲೇ ರೂಪುಗೊಂಡ ಕ್ಯಾನ್‌ಅಸಿಸ್ಟ್ ಬ್ರೆಸ್ಟ್ ಎಂಬ ಪರೀಕ್ಷೆ ಇದಕ್ಕಿಂತ ಅಗ್ಗ. ಟೇಲರ್‌ಎಕ್ಸ್‌ನಂಥ ಪ್ರಯೋಗದ ಬಲ ಅದಕ್ಕಿಲ್ಲ, ಆದರೂ ಕೈಲಾಗದವರಿಗೆ ಒಂದು ದಾರಿ. ಫಲಿತಾಂಶ ಏನೇ ಬಂದರೂ ತೀರ್ಮಾನ ಬದಲಾಗುವುದಿಲ್ಲ ಅಂತಿದ್ದರೆ ಯಾವ ಪರೀಕ್ಷೆಯನ್ನೂ ಮಾಡಿಸಬೇಡಿ. ಸುಮ್ನೆ ದುಡ್ಡು ದಂಡ.

ಈ ಲೆಕ್ಕ ಎಲ್ಲರಿಗೂ ಹೊಂದುವುದಿಲ್ಲ. ಅದೇ ವಾರ ಬಂದ 38ರ ಹೆಣ್ಣುಮಗಳ ಗಡ್ಡೆ ಬರೀ 1.5 ಸೆಂ.ಮೀ. ಗಂಟು ಸ್ವಚ್ಛ. "ಸಣ್ಣದು, ಕಿಮೋ ಬೇಡ" ಅಂತ ಮನೆಯವರು ನಿರ್ಧರಿಸಿಕೊಂಡೇ ಬಂದಿದ್ದರು. ಆದರೆ ಇಆರ್, ಪಿಆರ್, ಹರ್2 ಮೂರೂ ನೆಗೆಟಿವ್. ಇಲ್ಲಿ ಹಾರ್ಮೋನ್ ಮಾತ್ರೆ ಕೆಲಸ ಮಾಡುವುದಿಲ್ಲ, ಕಿಮೋ ಬಿಟ್ಟರೆ ಕೈಯಲ್ಲಿರುವುದು ಕಡಿಮೆ. ಆನ್ಕೊಟೈಪ್‌ನಂಥ ಪರೀಕ್ಷೆಯ ಮಾತೇ ಇಲ್ಲ. ಇಂಥವರ ಹತ್ತಿರ ನಾನು ಚುಕ್ಕಿ ಇಟ್ಟು ತೋರಿಸುತ್ತೇನೆ, ಆದರೆ ನನ್ನ ಅಭಿಪ್ರಾಯವನ್ನು ಗಟ್ಟಿಯಾಗಿಯೇ ಹೇಳುತ್ತೇನೆ. ಇನ್ನೊಂದು ಮಗು ಬೇಕೆಂದಿದ್ದರೆ ಅದನ್ನು ಕಿಮೋಗೆ ಮೊದಲೇ ಹೇಳಬೇಕು, ಆಮೇಲಲ್ಲ.

ಕಿಮೋ ಅಂದರೆ ಜನ ವಾಂತಿಗೆ ಹೆದರುತ್ತಾರೆ. ವಾಂತಿ ತಡೆಯುವ ಔಷಧಿಗಳು ಈಗ ಬಹಳ ಸುಧಾರಿಸಿವೆ. ಎರಡು ಮೂರು ವಾರಕ್ಕೆ ಉದುರುವ ಕೂದಲು ಮತ್ತೆ ಬರುತ್ತದೆ. ಕೆಂಪು ಬಣ್ಣದ ಕಿಮೋ ಔಷಧಿ ಹೋದ ದಿನ ಮೂತ್ರ ಕೆಂಪಗಾದರೆ ಗಾಬರಿ ಬೇಡ. ಆದರೆ ಜ್ವರ 100.4 ಡಿಗ್ರಿ ಮುಟ್ಟಿದರೆ ರಾತ್ರಿಯಾದರೂ ಆಸ್ಪತ್ರೆಗೆ ಹೊರಡಬೇಕು. ನನಗೆ ಕಾಡುವುದು ಉಳಿದುಬಿಡುವ ತೊಂದರೆ. ಮಲ್ಲಿಗೆ ಕಟ್ಟಿ ಮಾರುವ ಒಬ್ಬರಿಗೆ ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಕಿಮೋ ಔಷಧಿ ಆದಮೇಲೆ ಬೆರಳ ತುದಿ ಜೋಮು ಹಿಡಿಯಿತು. ದಾರ ಬೆರಳಿಗೆ ಗೊತ್ತಾಗುತ್ತಿಲ್ಲ ಎಂದರು. ಗಂಟು ಬಿದ್ದಿದೆಯಾ ಅಂತ ಪ್ರತಿ ಸಲ ಬಗ್ಗಿ ನೋಡಬೇಕಾಗಿತ್ತು. ಅವರಿಗೆ ಕಿಮೋ ಬೇಕೇಬೇಕಿತ್ತು, ಅದರಲ್ಲಿ ಅನುಮಾನವಿಲ್ಲ. ಆದರೆ ಅವರ ಹೊಟ್ಟೆಪಾಡು ಬೆರಳಲ್ಲಿದೆ ಅಂತ ನಾನು ಮೊದಲೇ ಕೇಳಿ ತಿಳಿದುಕೊಂಡಿರಲಿಲ್ಲ.

ಯೋಚಿಸಲು ಟೈಮ್ ಇದೆಯಾ? ಇದೆ. ಸಾಮಾನ್ಯವಾಗಿ ಆಪರೇಷನ್ ಆಗಿ ನಾಲ್ಕರಿಂದ ಆರು ವಾರದೊಳಗೆ ಶುರು ಮಾಡುತ್ತೇವೆ. ಇನ್ನೊಬ್ಬ ವೈದ್ಯರನ್ನು ಕೇಳಲು ಒಂದು ವಾರ ಹೋದರೆ ಏನೂ ಕೆಡುವುದಿಲ್ಲ. ನಾಟಿ ಔಷಧಿ ನೋಡೋಣ ಅಂತ ಮೂರು ತಿಂಗಳು ಕಳೆದರೆ ಕೆಡುತ್ತದೆ.

ಟೀಚರ್ ಪರೀಕ್ಷೆ ಮಾಡಿಸಿದರು. ಅಂಕ 17 ಬಂತು. ಕಿಮೋ ಬೇಡ, ಐದು ವರ್ಷ ದಿನಕ್ಕೊಂದು ಲೆಟ್ರೊಜೋಲ್ ಎಂಬ ಹಾರ್ಮೋನ್ ಮಾತ್ರೆ ಅಂತಾಯಿತು. "ಸೇಫ್ಟಿಗೆ ಒಂದೆರಡು ಸುತ್ತು ಕಿಮೋ ಕೊಟ್ಟುಬಿಡಿ ಸರ್" ಎಂದ ಅವರ ತಮ್ಮನಿಗೆ ಅವರೇ ಚುಕ್ಕಿ ಹಾಳೆ ತೋರಿಸಿ ಪಾಠ ಮಾಡಿದರು.

ಮೂರು ತಿಂಗಳಿಗೆ ಮತ್ತೆ ಬಂದರು. ಮಾತ್ರೆಯಿಂದ ಬೆಳಿಗ್ಗೆ ಹೊತ್ತು ಮಂಡಿ ಹಿಡಿದುಕೊಳ್ಳುತ್ತದಂತೆ. ಕನ್ನಡಕದ ಡಬ್ಬಿಯಿಂದ ಅದೇ ಹಾಳೆ ತೆಗೆದು ಮೇಜಿನ ಮೇಲೆ ಬಿಡಿಸಿದರು. "ಇದಕ್ಕೂ ಒಂದು ನೂರು ಚುಕ್ಕಿ ಇಡಿ ಡಾಕ್ಟ್ರೇ, ನೋಡೋಣ." ಅದರಲ್ಲಿ ಜಾಗ ಇರಲಿಲ್ಲ. ಹೊಸ ಹಾಳೆ ಹರಿದೆ.