ಬೀದಿದೀಪದಲ್ಲೂ ಹೆಣ್ಣು ಗಂಡು ಅಂತ ಇದೆಯಾ?

ಪ್ರಶ್ನೆ: ಪ್ರತಿ ವರ್ಷ ಬಜೆಟ್ ಮರುದಿನ ‘ಮಹಿಳೆಯರಿಗೆ ಇಷ್ಟು ಸಾವಿರ ಕೋಟಿ’ ಅಂತ ಪೇಪರಿನಲ್ಲಿ ಓದುತ್ತೇವೆ. ಆ ದುಡ್ಡನ್ನು ನಿಜವಾಗಿ ಬೇರೆ ಎತ್ತಿಡುತ್ತಾರಾ? ರಸ್ತೆ, ಚರಂಡಿ, ಬೀದಿದೀಪ ಎಲ್ಲರಿಗೂ ಒಂದೇ ಅಲ್ವಾ? ಅದರಲ್ಲಿ ಹೆಣ್ಣು ಗಂಡು ಅಂತ ಯಾಕೆ ಲೆಕ್ಕ ಹಾಕಬೇಕು?

ಮೊದಲ ಪ್ರಶ್ನೆಗೆ ಉತ್ತರ ಚಿಕ್ಕದು. ಇಲ್ಲ, ಬೇರೆ ಎತ್ತಿಡುವುದಿಲ್ಲ. 2025-26ರ ರಾಜ್ಯ ಬಜೆಟ್‌ನಲ್ಲಿ ಮಹಿಳೆಯರ ಲೆಕ್ಕಕ್ಕೆ 94,084 ಕೋಟಿ ರೂಪಾಯಿ ಅಂತ ಹೇಳಿದರು. ಅದು ಒಂದು ಪೆಟ್ಟಿಗೆಯಲ್ಲಿ ಕೂತಿರುವ ದುಡ್ಡಲ್ಲ. ಶಿಕ್ಷಣ, ಆರೋಗ್ಯ, ಸಾರಿಗೆ ಹೀಗೆ ಬೇರೆ ಬೇರೆ ಇಲಾಖೆಗಳ ಖರ್ಚಿನಲ್ಲಿ ಹೆಂಗಸರಿಗೆ ಸೇರುವ ಪಾಲನ್ನು ಹುಡುಕಿ, ಕೂಡಿಸಿ ತೋರಿಸಿದ ಮೊತ್ತ. ಕೇಂದ್ರ ಸರ್ಕಾರ ಈ ಪಟ್ಟಿಯನ್ನು 2005-06ರಲ್ಲಿ ಶುರು ಮಾಡಿತು. ನಮ್ಮ ರಾಜ್ಯದಲ್ಲಿ 2007-08ರಿಂದ ಬಜೆಟ್ ಜೊತೆಗೆ ‘ಮಹಿಳಾ ಉದ್ದೇಶಿತ ಆಯವ್ಯಯ’ ಎಂಬ ಪುಸ್ತಕವೇ ಬರುತ್ತಿದೆ.

ಆ ಪುಸ್ತಕದಲ್ಲಿ ಎರಡು ವರ್ಗ. ಪೂರ್ತಿ ಹೆಂಗಸರಿಗೇ ಹೋಗುವ ಯೋಜನೆಗಳು ‘ಎ’. ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿ ಇದಕ್ಕೆ ಉದಾಹರಣೆ. ಮೇಲಿನ ಮೊತ್ತದಲ್ಲಿ 28,000 ಕೋಟಿಗೂ ಜಾಸ್ತಿ ಅದೊಂದರದ್ದೇ. ನೂರಕ್ಕೆ ಕನಿಷ್ಠ 30 ಭಾಗ ಹೆಂಗಸರಿಗೆ ಸೇರುವ ಯೋಜನೆಗಳು ‘ಬಿ’. ನನ್ನ ತಕರಾರು ಇರುವುದು ಈ ‘ಬಿ’ ಬಗ್ಗೆ. ಶಾಲೆಯಲ್ಲಿ ಅರ್ಧ ಹೆಣ್ಣುಮಕ್ಕಳಿದ್ದಾರೆ, ಹಾಗಾಗಿ ಶಾಲೆಯ ಖರ್ಚಿನಲ್ಲಿ ಅರ್ಧ ಅವರದ್ದು ಅಂತ ಬರೆದುಬಿಡುವುದು ಸುಲಭ. ಆ ಶಾಲೆಯ ಶೌಚಾಲಯದಲ್ಲಿ ನೀರೇ ಬರದೆ, ದೊಡ್ಡ ಹುಡುಗಿಯರು ತಿಂಗಳಿಗೆ ಮೂರು ದಿನ ಮನೆಯಲ್ಲೇ ಉಳಿದರೆ? ಪುಸ್ತಕದಲ್ಲಿ ಅರ್ಧ ಅಂತಲೇ ಇರುತ್ತದೆ. ಹುಡುಗಿಗೆ ಸಿಕ್ಕಿದ್ದು ಅರ್ಧ ಅಲ್ಲ.

ಈಗ ಬೀದಿದೀಪಕ್ಕೆ ಬರುತ್ತೇನೆ. ನಿಮ್ಮ ಪ್ರಶ್ನೆಯಲ್ಲಿ ನನಗೆ ಮುಖ್ಯ ಅನಿಸಿದ್ದು ಅದೇ.

ನನ್ನ ಅತ್ತಿಗೆ ಬೆಂಗಳೂರಿನ ಪೀಣ್ಯದಲ್ಲಿ ಗಾರ್ಮೆಂಟ್ಸ್ ಕೆಲಸ ಮಾಡುತ್ತಾರೆ. ಸಂಜೆ ಏಳೂವರೆ ಹೊತ್ತಿಗೆ ಮೇನ್ ರೋಡಿನಲ್ಲಿ ಬಸ್ ಇಳಿಯುತ್ತಾರೆ. ಅಲ್ಲಿ ಎತ್ತರದ ಕಂಬ, ಬೆಳ್ಳಗಿನ ಬೆಳಕು. ಆದರೆ ಆ ಬೆಳಕು ಬೀಳುವುದು ರಸ್ತೆಯ ನಡುವೆ, ಗಾಡಿಗಳ ಮೇಲೆ. ಫುಟ್‌ಪಾತ್ ಮೇಲೆ ಮರದ ನೆರಳು. ಕಲ್ಲುಚಪ್ಪಡಿ ಎಲ್ಲಿ ಬಾಯಿ ತೆರೆದಿದೆ ಅಂತ ಕಾಲಿಟ್ಟ ಮೇಲೆಯೇ ಗೊತ್ತಾಗುವುದು. ಆಮೇಲೆ ಬೀದಿಗೆ ತಿರುಗಿದರೆ ಎರಡು ಕಂಬ ಉರಿಯುವುದಿಲ್ಲ. ಅಣ್ಣ ಅದೇ ದಾರಿಯಲ್ಲಿ ಬೈಕಿನಲ್ಲಿ ಬರುತ್ತಾನೆ. ಅವನ ಬೆಳಕು ಅವನ ಬೈಕಿನಲ್ಲೇ ಇದೆ. ದೀಪ ಇಲ್ಲ ಎಂಬುದನ್ನು ಅವನು ಎಷ್ಟೋ ದಿನ ಗಮನಿಸಿಯೇ ಇರಲಿಲ್ಲ. ಅತ್ತಿಗೆ ಮಾತ್ರ ಓವರ್‌ಟೈಮ್ ಇದ್ದ ದಿನ ಮಗನನ್ನು ಬಸ್ ಸ್ಟಾಪಿಗೆ ಕರೆಸಿಕೊಳ್ಳುತ್ತಿದ್ದರು. ಕೊನೆಗೆ ಓವರ್‌ಟೈಮೇ ಬಿಟ್ಟರು.

ಲೆಕ್ಕದಲ್ಲಿ ದೀಪಕ್ಕೆ ದುಡ್ಡು ಖರ್ಚಾಗಿದೆ. ಯಾರಿಗೂ ಮೋಸ ಆಗಿಲ್ಲ, ಎಲ್ಲರಿಗೂ ಒಂದೇ ದೀಪ. ಆದರೆ ಅದೇ ಕತ್ತಲೆಗೆ ಒಬ್ಬರು ಓವರ್‌ಟೈಮ್ ದುಡಿಮೆಯನ್ನೇ ಬಿಡಬೇಕಾಯಿತು, ಇನ್ನೊಬ್ಬರಿಗೆ ಏನೂ ಆಗಲಿಲ್ಲ. ಈ ವ್ಯತ್ಯಾಸವನ್ನು ದುಡ್ಡು ಹಂಚುವ ಮೊದಲೇ ನೋಡಿ ಅನ್ನುವುದೇ ಲಿಂಗ ಸಮಾನತೆಯ ಬಜೆಟ್. ದೀಪದ ದುಡ್ಡು ಜಾಸ್ತಿ ಮಾಡಿ ಅಂತಲೂ ಅಲ್ಲ. ಕಂಬ ಎಲ್ಲಿ ನಿಲ್ಲಿಸುತ್ತೀರಿ, ಯಾವುದನ್ನು ಮೊದಲು ರಿಪೇರಿ ಮಾಡುತ್ತೀರಿ ಎಂಬ ಪ್ರಶ್ನೆ ಅದು.

ಓಡಾಟವೂ ಹಾಗೆಯೇ. ಅತ್ತಿಗೆ ನೇರ ಮನೆಗೆ ಬರುವುದಿಲ್ಲ. ಟ್ಯೂಷನ್‌ನಿಂದ ಮಗಳು, ತರಕಾರಿ ಅಂಗಡಿ, ಅತ್ತೆಯ ಮಾತ್ರೆ, ಆಮೇಲೆ ಮನೆ. 2024ರ ಕೇಂದ್ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸಕ್ಕೆ, ಆ ಕೆಲಸ ಮಾಡುವ ಹೆಂಗಸರು ದಿನಕ್ಕೆ 289 ನಿಮಿಷ ಕೊಡುತ್ತಾರೆ, ಗಂಡಸರು 88 ನಿಮಿಷ. ಈ 289 ನಿಮಿಷದ ಒಂದಷ್ಟು ಭಾಗ ಬೀದಿಯಲ್ಲೇ, ನಡೆದುಕೊಂಡೇ ಕಳೆಯುತ್ತದೆ. ಫ್ಲೈಓವರ್ ಕಟ್ಟಿದರೆ ದೂರದಿಂದ ಗಾಡಿಯಲ್ಲಿ ನೇರ ಬರುವವರಿಗೆ ಸಮಯ ಉಳಿಯುತ್ತದೆ. ಫುಟ್‌ಪಾತ್ ಸರಿ ಮಾಡಿದರೆ ಕೈಯಲ್ಲಿ ಚೀಲ, ಇನ್ನೊಂದು ಕೈಯಲ್ಲಿ ಮಗು ಹಿಡಿದವರಿಗೆ ಉಳಿಯುತ್ತದೆ. ಎರಡೂ ‘ರಸ್ತೆ ಅಭಿವೃದ್ಧಿ’ಯೇ.

ಸಾರ್ವಜನಿಕ ಶೌಚಾಲಯ ನೋಡಿ. ಒಂದೇ ಅಳತೆಯ ಎರಡು ಕೋಣೆ ಕಟ್ಟಿ, ಸಮಾನವಾಗಿ ಹಂಚಿದೆವು ಅನ್ನುತ್ತಾರೆ. ಗಂಡಸರ ಕಡೆ ಗೋಡೆಗೆ ಸಾಲಾಗಿ ಮೂತ್ರಿ ಹಾಕಿದರೆ ಅದೇ ಜಾಗದಲ್ಲಿ ಜಾಸ್ತಿ ಜನ ಹೋಗಬಹುದು. ಹೆಂಗಸರಿಗೆ ಬಾಗಿಲಿರುವ ಕೋಣೆಯೇ ಬೇಕು, ಸೀರೆ, ಚೂಡಿದಾರ್ ಅಂತ ಸಮಯವೂ ಜಾಸ್ತಿ ಬೇಕು. ಹಾಗಾಗಿ ಸಮಾನ ಜಾಗ ಕೊಟ್ಟಲ್ಲೇ ಅಸಮಾನ ಕ್ಯೂ ಹುಟ್ಟುತ್ತದೆ. ಎಷ್ಟೋ ಕಡೆ ಮೂತ್ರಕ್ಕೆ ಗಂಡಸರು ದುಡ್ಡು ಕೊಡಬೇಕಿಲ್ಲ, ಹೆಂಗಸರು ಕೊಡಬೇಕು. ಇನ್ನು ಬೆಳಗಿನ ಜಾವ ರಸ್ತೆ ಗುಡಿಸುವ ಪೌರಕಾರ್ಮಿಕರಲ್ಲಿ ಹೆಚ್ಚಿನವರು ಹೆಂಗಸರು. ಅವರು ಕೆಲಸಕ್ಕೆ ಬರುವ ಹೊತ್ತಿಗೆ ಶೌಚಾಲಯದ ಬೀಗವೇ ತೆಗೆದಿರುವುದಿಲ್ಲ. ಊರನ್ನೇ ಶುಚಿ ಮಾಡುವವರು ನೀರು ಕುಡಿಯದೆ ತಡೆದುಕೊಂಡು ಕೆಲಸ ಮಾಡುತ್ತಾರೆ ಅಂದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಶಕ್ತಿ ಯೋಜನೆಯ ಬಗ್ಗೆ ಒಂದು ಮಾತು. 2023ರ ಜೂನ್ 11ರಿಂದ ರಾಜ್ಯದ ಹೆಂಗಸರಿಗೆ ಸರ್ಕಾರದ ಸಾಮಾನ್ಯ ಬಸ್‌ಗಳು ಉಚಿತ. ಪರ ವಿರೋಧ ಚರ್ಚೆ ಎಲ್ಲ ನಡೆದಿದೆ, ಅದನ್ನು ಇಲ್ಲಿ ತರುವುದಿಲ್ಲ. ನನಗೆ ಬೇರೆ ಒಂದು ವಿಷಯ ಮುಖ್ಯ. ಮೊದಲು ಟಿಕೆಟ್ ನೋಡಿದರೆ ಹತ್ತಿದವರು ಹೆಣ್ಣೋ ಗಂಡೋ ತಿಳಿಯುತ್ತಿರಲಿಲ್ಲ. ಈಗ ಪ್ರತಿ ಹೆಂಗಸಿನ ಪ್ರಯಾಣಕ್ಕೂ ಕಂಡಕ್ಟರ್ ಶೂನ್ಯ ಟಿಕೆಟ್ ಹರಿಯುತ್ತಾರೆ. ಯಾವ ರೂಟಿನಲ್ಲಿ, ಎಷ್ಟು ಹೊತ್ತಿಗೆ, ಎಷ್ಟು ಹೆಂಗಸರು ಅಂತ ಮೊದಲ ಸಲ ಲೆಕ್ಕ ಸಿಗುವಂತಾಗಿದೆ. ಸಂಜೆ ಎಂಟರ ನಂತರ ಯಾವ ಸ್ಟಾಪಿನಲ್ಲಿ ಹೆಂಗಸರು ಜಾಸ್ತಿ ಇಳಿಯುತ್ತಾರೆ ಅಂತ ಆ ಲೆಕ್ಕದಿಂದ ತೆಗೆದು, ಅಲ್ಲಿಗೆ ಮೊದಲು ದೀಪ ಹಾಕಬಹುದು. ಸಾರಿಗೆಯವರ ಲೆಕ್ಕ ದೀಪದವರ ಟೇಬಲ್ಲಿಗೆ ಹೋಗಬೇಕು, ಅಷ್ಟೇ.

ಇದನ್ನೆಲ್ಲ ಕೇಳುವವರು ಯಾರು? 2015ರ ಪಾಲಿಕೆ ಚುನಾವಣೆಯಲ್ಲಿ ಬೆಂಗಳೂರಿನ 198 ವಾರ್ಡ್‌ಗಳಲ್ಲಿ ಅರ್ಧ ಹೆಂಗಸರಿಗೆ ಮೀಸಲಿತ್ತು. ಆ ಕೌನ್ಸಿಲ್ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಊರಿನ ಬಜೆಟ್ ಅಧಿಕಾರಿಗಳ ಕೈಯಲ್ಲೇ ತಯಾರಾಯಿತು. ಬೀದಿಯ ಹೆಂಗಸರು ಬಾಗಿಲು ತಟ್ಟಿ ಕೇಳಲು ಕಾರ್ಪೊರೇಟರ್ ಇಲ್ಲದ ವರ್ಷಗಳು ಅವು. 2025ರ ಸೆಪ್ಟೆಂಬರ್‌ನಲ್ಲಿ ಒಂದು ಪಾಲಿಕೆ ಹೋಗಿ ಐದಾಯಿತು. ಅಂದರೆ ಇನ್ನು ಐದು ಬಜೆಟ್, ಐದು ಕಡೆ ಕೇಳಬೇಕು.

ನೀವೇ ನೋಡಬೇಕು ಅನಿಸಿದರೆ 10 ರೂಪಾಯಿಯ ಮಾಹಿತಿ ಹಕ್ಕು ಅರ್ಜಿ ಸಾಕು. ನಿಮ್ಮ ವಾರ್ಡಿನ ಈ ವರ್ಷದ ಬೀದಿದೀಪ ಮತ್ತು ಫುಟ್‌ಪಾತ್ ಕಾಮಗಾರಿ ಪಟ್ಟಿ ಕೊಡಿ, ಯಾವ ಬೀದಿ, ಯಾವ ಕಂಬ ಅಂತ ಕೇಳಿ. 30 ದಿನದೊಳಗೆ ಉತ್ತರ ಕೊಡಬೇಕು. ಪಟ್ಟಿ ಬಂದ ಮೇಲೆ ಸಂಜೆ ಏಳೂವರೆಗೆ ಬಸ್ ಸ್ಟಾಪಿನಿಂದ ಮನೆತನಕ ಅದನ್ನು ಹಿಡಿದು ನಡೆಯಿರಿ. ಬೈಕಿನಲ್ಲಿ ಬೇಡ. ಜೊತೆಗೆ ಅಕ್ಕನನ್ನೋ ಹೆಂಡತಿಯನ್ನೋ ಕರೆದುಕೊಂಡು ಹೋಗಿ, ಅವರು ಎಲ್ಲೆಲ್ಲಿ ಹೆಜ್ಜೆ ಬೇಗ ಹಾಕುತ್ತಾರೆ ಅಂತ ಪಟ್ಟಿಯ ಪಕ್ಕದಲ್ಲಿ ಗುರುತು ಮಾಡಿ.