ಕಹಿ ತೆಗೆದ ಮೇಲೆ ಬೇಲಿ ಬೇಕು

ರಾತ್ರಿ ಮಲಗುವಾಗ ಹುರುಳಿಕಾಯಿ ಗಿಡಗಳು ಮೊಣಕಾಲೆತ್ತರ ಇದ್ದವು. ಬೆಳಗ್ಗೆ ಎದ್ದು ನೋಡಿದರೆ ಬರೀ ಕಡ್ಡಿ. ಮೊದಲು ಮೊಲದ ಮೇಲೆ ಅನುಮಾನ ಬಂತು. ಪಾತಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ಒಂದು ಕಡ್ಡಿಯ ತುದಿಯನ್ನು ಹತ್ತಿರದಿಂದ ನೋಡಿದೆ. ಮೊಲ ತಿಂದಿದ್ದರೆ ಕತ್ತರಿ ಹಾಕಿದ ಹಾಗೆ ಓರೆಯಾಗಿ, ನೀಟಾಗಿ ತುಂಡಾಗಿರಬೇಕಿತ್ತು. ಇಲ್ಲಿ ತುದಿ ಹರಿದುಹೋಗಿತ್ತು. ನಾರು ಎಳೆ ಎಳೆಯಾಗಿ ಜೋತಾಡುತ್ತಿತ್ತು. ಬಂದಿದ್ದು ಜಿಂಕೆ.

ಜಿಂಕೆಗೆ ಮೇಲ್ದವಡೆಯ ಮುಂಭಾಗದಲ್ಲಿ ಬಾಚಿಹಲ್ಲೇ ಇಲ್ಲ. ಹಸು, ಕುರಿಗಳ ಹಾಗೆ ಅಲ್ಲಿರುವುದು ಒಸಡಿನ ಗಟ್ಟಿ ದಿಂಬು. ಗಿಡವನ್ನು ಕೆಳಹಲ್ಲು ಮತ್ತು ಆ ದಿಂಬಿನ ನಡುವೆ ಒತ್ತಿ ಹಿಡಿದು, ತಲೆ ಜಗ್ಗಿ ಹರಿಯುತ್ತದೆ. ಎಳೆ ಸಸಿಗಳು ಕೆಲವು ಸಲ ಬೇರುಸಮೇತ ಕಿತ್ತು ಬರುವುದು ಇದಕ್ಕೇ.

ಜಿಂಕೆಯೂ ಮೆಲುಕು ಹಾಕುವ ಪ್ರಾಣಿಯೇ, ನಾಲ್ಕು ಕೋಣೆಯ ಹೊಟ್ಟೆಯದು. ಹಾಗಂತ ಹಸುವಿನ ಹಾಗೆ ತಲೆ ತಗ್ಗಿಸಿ ಸಿಕ್ಕಿದ ಹುಲ್ಲನ್ನೆಲ್ಲ ಮೇಯುತ್ತ ಹೋಗುವುದಿಲ್ಲ. ಯುರೋಪಿನ ರೋ ಜಿಂಕೆ, ಅಮೆರಿಕದ ಬಿಳಿಬಾಲದ ಜಿಂಕೆಯಂಥವುಗಳಲ್ಲಂತೂ ಮೇವು ಹುಳಿಯುವ ಮೊದಲ ಕೋಣೆ ಮೈಗೆ ಹೋಲಿಸಿದರೆ ಚಿಕ್ಕದು. ಒರಟು ನಾರನ್ನು ಅಲ್ಲಿ ದಿನಗಟ್ಟಲೆ ಕೊಳೆಹಾಕಿ ಕೂರಲು ಆಗುವುದಿಲ್ಲ. ಹಾಗಾಗಿ ಸತ್ವ ಜಾಸ್ತಿ ಇರುವ, ಬೇಗ ಜೀರ್ಣವಾಗುವ ಚಿಗುರು, ಮೊಗ್ಗು, ಎಳೆ ಎಲೆಗಳನ್ನೇ ಹುಡುಕಿ ಆರಿಸುತ್ತವೆ. ನಾಲ್ಕು ಬಾಯಿ ಇಲ್ಲಿ, ಎರಡು ಬಾಯಿ ಅಲ್ಲಿ.

ಈಗ ನಮ್ಮ ತೋಟದ ಕಡೆ ನೋಡಿ. ಕಾಡು ಲೆಟಿಸ್ ಎಲೆಯ ನಡುನರದಲ್ಲಿ ಮುಳ್ಳಿರುತ್ತದೆ, ಮುರಿದರೆ ಕಹಿ ಹಾಲು ಒಸರುತ್ತದೆ. ಕಾಡು ಸೌತೆ ಬಾಯಿಗಿಡಲಾಗದಷ್ಟು ಕಹಿ. ಅದಕ್ಕೆ ಕಾರಣ ಕುಕುರ್ಬಿಟಾಸಿನ್ ಎಂಬ ರಾಸಾಯನಿಕ. ತಿನ್ನಲು ಬರುವವರನ್ನು ಓಡಿಸಲು ಗಿಡ ತಾನೇ ಮಾಡಿಕೊಂಡ ಏರ್ಪಾಡು ಅದು. ಸಾವಿರಾರು ವರ್ಷ ಮನುಷ್ಯ ಮಾಡಿದ್ದೇನು? ಕಹಿ ಕಡಿಮೆ ಇರುವ, ಮುಳ್ಳಿಲ್ಲದ, ಮೆತ್ತಗಿರುವ ಗಿಡಗಳ ಬೀಜವನ್ನೇ ಎತ್ತಿಟ್ಟುಕೊಂಡು ಮತ್ತೆ ಬಿತ್ತಿದ. ಮೇಲಿಂದ ಗೊಬ್ಬರ, ದಿನಾ ನೀರು. ನಮ್ಮ ನಾಲಿಗೆಗೆ ಅಂತ ಹದ ಮಾಡಿದ್ದು ಜಿಂಕೆಯ ನಾಲಿಗೆಗೂ ಸರಿಯಾಗಿ ಹೊಂದಿತು. ಗಿಡದ ಆಯುಧ ಕಿತ್ತುಕೊಂಡವರು ನಾವು. ಈಗ ಕಾವಲು ಕಾಯುವ ಪಾಳಿಯೂ ನಮ್ಮದೇ ಅಲ್ವಾ?

ಕಾಡಿನ ಗಿಡಗಳು ಮಾತ್ರ ಇನ್ನೂ ಹೋರಾಡುತ್ತಿವೆ. ಚಹಾ ಜಾಸ್ತಿ ಕುದಿಸಿದರೆ ಬರುವ ಒಗರು ಇದೆಯಲ್ಲ, ಅದು ಟ್ಯಾನಿನ್. ಬಹಳಷ್ಟು ಮರಗಳು ಎಲೆಯಲ್ಲಿ ಇದನ್ನು ತುಂಬಿಕೊಳ್ಳುತ್ತವೆ. ಇದು ಪ್ರೋಟೀನಿಗೆ ಅಂಟಿಕೊಂಡು ಮೇವು ಮೈಗೆ ಹತ್ತದ ಹಾಗೆ ಮಾಡುತ್ತದೆ. ಎಲೆ ತಿಂದು ಬದುಕುವ ಜಿಂಕೆಗಳ ಹತ್ತಿರ ಇದಕ್ಕೂ ಮದ್ದಿದೆ. ಅವುಗಳ ಜೊಲ್ಲಿನಲ್ಲಿರುವ ವಿಶೇಷ ಪ್ರೋಟೀನುಗಳು ಟ್ಯಾನಿನ್ನನ್ನು ಬಾಯಲ್ಲೇ ಹಿಡಿದು ಕಟ್ಟಿಹಾಕುತ್ತವೆ. ಗಿಡ ಇಷ್ಟಕ್ಕೇ ಸುಮ್ಮನಾಗುವುದಿಲ್ಲ. ಜರ್ಮನಿಯ ಲೈಪ್‌ಜಿಗ್ ವಿಶ್ವವಿದ್ಯಾಲಯದ ಸಂಶೋಧಕರು ಬೀಚ್ ಮತ್ತು ಮೇಪಲ್ ಸಸಿಗಳ ಮೊಗ್ಗು ಕತ್ತರಿಸಿ, ಗಾಯಕ್ಕೆ ರೋ ಜಿಂಕೆಯ ಜೊಲ್ಲನ್ನು ತೊಟ್ಟಿಕ್ಕಿಸಿ ನೋಡಿದರು. ಸುಮ್ನೆ ಕತ್ತರಿಸಿದಾಗ ಸಸಿ ಗಾಯ ಮಾಯಿಸುವ ಕೆಲಸವನ್ನಷ್ಟೇ ಶುರು ಮಾಡಿತು. ಜೊಲ್ಲು ಬಿದ್ದಾಗ ಟ್ಯಾನಿನ್ ತಯಾರಿಯನ್ನೂ ಹೆಚ್ಚಿಸಿತು. 2016ರಲ್ಲಿ ಈ ಸುದ್ದಿ ಓದಿದ ಮೇಲೆ ನನಗೆ ಹುರುಳಿಕಾಯಿ ಗಿಡದ ಮೇಲೆ ಇನ್ನೂ ಜಾಸ್ತಿ ಕನಿಕರ ಬಂತು.

ತರಕಾರಿಗಳಲ್ಲೂ ಕೆಲವು ಹಳೆಯ ಆಯುಧ ಬಿಟ್ಟಿಲ್ಲ. ಬೆಳ್ಳುಳ್ಳಿ ಎಸಳು ಇದ್ದ ಹಾಗೇ ಇದ್ದರೆ ಅಷ್ಟು ಘಾಟಿಲ್ಲ. ಜಜ್ಜಿದರೆ, ಕಚ್ಚಿದರೆ ಒಳಗೆ ಬೇರೆಬೇರೆಯಾಗಿದ್ದ ಎರಡು ವಸ್ತುಗಳು ಕೂಡಿ, ಮೂಗಿಗೆ ಹೊಡೆಯುವ ಆಲಿಸಿನ್ ಹುಟ್ಟುತ್ತದೆ. ಈರುಳ್ಳಿ, ಪುದೀನವನ್ನೂ ಜಿಂಕೆ ಸಾಮಾನ್ಯವಾಗಿ ಬಿಟ್ಟು ಹೋಗುತ್ತದೆ. ಬಟಾಣಿ, ಹುರುಳಿಕಾಯಿ, ಲೆಟಿಸ್, ಬೀಟ್‌ರೂಟ್ ಸೊಪ್ಪು, ಸಿಹಿಗೆಣಸಿನ ಬಳ್ಳಿ ಕಂಡರೆ ಮಾತ್ರ ಬಿಡುವುದೇ ಇಲ್ಲ. ಸುತ್ತ ಬೆಳ್ಳುಳ್ಳಿ ನೆಟ್ಟರೆ ಒಳಗಿನದ್ದು ಉಳಿಯುತ್ತದೆ ಅಂತ ಹೇಳುವವರಿದ್ದಾರೆ. ನಾನೂ ನೆಟ್ಟೆ. ಬೆಳ್ಳುಳ್ಳಿ ಚೆನ್ನಾಗಿ ಬಂತು, ಒಳಗಿನ ಬಟಾಣಿ ಹೋಯಿತು. ಹಸಿದ ಜಿಂಕೆಗೆ ಯಾವ ಪಟ್ಟಿಯೂ ಲೆಕ್ಕಕ್ಕಿಲ್ಲ.

ವಾಸನೆ ಸಿಂಪಡಿಸುವ ಉಪಾಯ ಸ್ವಲ್ಪ ಮಟ್ಟಿಗೆ ನಡೆಯುತ್ತದೆ. ಅದರಲ್ಲೂ ಕೊಳೆತ ಮೊಟ್ಟೆಯಿಂದ ಮಾಡಿದ್ದು. ಮಾಂಸ ತಿನ್ನುವ ಪ್ರಾಣಿಯ ಮೂತ್ರದಲ್ಲಿ ಗಂಧಕದ ವಾಸನೆ ಇರುತ್ತದೆ. ಕೊಳೆತ ಮೊಟ್ಟೆಯದ್ದೂ ಅದೇ ಜಾತಿಯ ವಾಸನೆ. ತೊಂದರೆ ಎರಡು. ಮಳೆ ಬಂದರೆ ತೊಳೆದುಹೋಗುತ್ತದೆ. ವಾಸನೆ ಮಾತ್ರ ಇದ್ದು ಪ್ರಾಣಿ ಬರದೇ ಇದ್ದರೆ ಜಿಂಕೆಗೆ ಕೆಲವೇ ದಿನದಲ್ಲಿ ಗೊತ್ತಾಗಿಬಿಡುತ್ತದೆ. ಅಲ್ಲದೆ ನಾವು ತಿನ್ನುವ ಸೊಪ್ಪಿಗೇ ಅದನ್ನು ಹೊಡೆಯುವುದು ಯಾವ ಜಾಣತನ? ತೋಟದ ಅಂಚಿಗೆ ಸಾಕು.

ಕೊನೆಗೆ ಬೇಲಿಗೇ ಬರಬೇಕು. ಬೇಲಿ ಕಟ್ಟುವ ಮೊದಲು ಜಿಂಕೆಯ ಕಣ್ಣು ಅರ್ಥವಾಗಬೇಕು. ನಮ್ಮ ಕಣ್ಣಲ್ಲಿ ಬಣ್ಣ ಗುರುತಿಸುವ ಕೋಶಗಳು ಮೂರು ಬಗೆ, ಅದರ ಕಣ್ಣಲ್ಲಿ ಎರಡೇ. ಕೆಂಪು, ಹಸಿರು ಅದಕ್ಕೆ ಬೇರೆಬೇರೆಯಾಗಿ ಕಾಣುವುದಿಲ್ಲ, ನೀಲಿ ಚೆನ್ನಾಗಿ ಕಾಣುತ್ತದೆ. ಬೇಲಿಗೆ ಕೆಂಪು ಪಟ್ಟಿ ಕಟ್ಟಿದರೆ ನಮಗಷ್ಟೇ ಸಮಾಧಾನ. ಕಣ್ಣು ತಲೆಯ ಎರಡು ಪಕ್ಕಕ್ಕೆ ಇರುವುದರಿಂದ ಹಿಂದೆ ಬರುವವರೂ ಕಾಣುತ್ತಾರೆ. ಆದರೆ ಎದುರಿಗಿರುವುದು ಎಷ್ಟು ದೂರ ಅಂತ ಅಳೆಯುವುದರಲ್ಲಿ ನಮ್ಮಷ್ಟು ಚುರುಕಿಲ್ಲ.

ಬಿಳಿಬಾಲದ ಜಿಂಕೆ ಸುಮಾರು 2.4 ಮೀಟರ್ ಹಾರಬಲ್ಲದು. ಹಾಗಾಗಿ ಪೂರ್ತಿ ಭದ್ರತೆ ಬೇಕೆಂದರೆ ಬೇಲಿಯೂ ಅಷ್ಟೆತ್ತರ ಬೇಕು. ಅಷ್ಟು ದುಡ್ಡು, ಅಷ್ಟು ಕಂಬ ಎಲ್ಲಿಂದ? ನನಗೆ ಹಿಡಿಸಿದ್ದು ಜೋಡಿ ಬೇಲಿ. ಎದೆಮಟ್ಟದ ಎರಡು ಬೇಲಿ, ನಡುವೆ 1.2ರಿಂದ 1.5 ಮೀಟರ್ ಜಾಗ. ಒಂದೊಂದನ್ನೇ ಹಾರುವುದು ಜಿಂಕೆಗೆ ನೀರು ಕುಡಿದಷ್ಟು ಸುಲಭ. ಎರಡನ್ನೂ ಒಂದೇ ನೆಗೆತಕ್ಕೆ ದಾಟಲು ಅಗಲ ಜಾಸ್ತಿ, ನಡುವೆ ಇಳಿದು ಮತ್ತೆ ಹಾರಲು ಜಾಗ ಕಡಿಮೆ. ಕಾಲು ಮುರಿದರೆ ಜಿಂಕೆಗೆ ಸಾವೇ. ಇಳಿಯುವ ಜಾಗ ಸರಿಯಾಗಿ ತೋರದಿದ್ದರೆ ಅದು ಹಾರಲು ಹಿಂದೆಮುಂದೆ ನೋಡುತ್ತದೆ. ಕೋಣೆಯಷ್ಟೇ ಚಿಕ್ಕದಾದ, ಒಳಗೆ ಗಿಡ ಕಿಕ್ಕಿರಿದ ತೋಟಕ್ಕೆ ಗಿಡ್ಡ ಬೇಲಿಯೇ ಎಷ್ಟೋ ಸಲ ಸಾಕಾಗುವುದೂ ಇದರಿಂದಲೇ.

ನಾನು ಎಡವಿದ್ದು ಕೆಳಗೆ. ಜಿಂಕೆ ಹಾರುವುದಕ್ಕಿಂತ ಮೊದಲು ನುಸುಳಲು ನೋಡುತ್ತದೆ. ಹಾರಿದರೆ ಅಪಾಯ, ನುಸುಳಿದರೆ ಏನೂ ಇಲ್ಲ. ಒಂದು ಮೂಲೆಯಲ್ಲಿ ಮಳೆನೀರು ಮಣ್ಣು ಕೊಚ್ಚಿ ಮೊಳದಗಲ ತಗ್ಗು ಮಾಡಿತ್ತು. ಎರಡೂ ಬೇಲಿಯ ಅಡಿಯಲ್ಲಿ. ಅಲ್ಲಿ ಜೋಡಿ ಗೊರಸಿನ ಗುರುತು, ತಂತಿಗೆ ಸಿಕ್ಕಿದ ಕಂದು ಕೂದಲು. ಒಳಗೆ ಸೊಪ್ಪಿನ ಮಡಿಯಲ್ಲಿ ಹಿಕ್ಕೆ. ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 2011ರಲ್ಲಿ ಅಮೆರಿಕದ ಓರೆಗಾನ್‌ನಲ್ಲಿ ಸ್ಟ್ರಾಬೆರಿ ತಿಂದವರಿಗೆ ಇ. ಕೋಲೈ ಎಂಬ ಬ್ಯಾಕ್ಟೀರಿಯಾದ ಸೋಂಕು ತಗುಲಿತ್ತು. ತನಿಖೆ ಮಾಡಿದಾಗ ಅದರ ಮೂಲ ಹೊಲದಲ್ಲಿ ಬಿದ್ದಿದ್ದ ಜಿಂಕೆ ಹಿಕ್ಕೆ. ಹಿಕ್ಕೆಯ ಸುತ್ತ ಇದ್ದ ಸೊಪ್ಪನ್ನು ಕಿತ್ತು ಎಸೆದೆ.

ತಗ್ಗಿಗೆ ಕಲ್ಲು ತುಂಬಿದ ಮೇಲೆ ಒಳಗಿನದ್ದು ಉಳಿಯಿತು. ಒಂದು ಕುಂಬಳದ ಹಂಬು ಮಾತ್ರ ಎರಡೂ ಬೇಲಿ ದಾಟಿ ಹೊರಗೆ ಹರಿದಿತ್ತು. ಮೊನ್ನೆ ಬೆಳಗ್ಗೆ ಹೋಗಿ ನೋಡಿದೆ. ರೋಮ ಚುಚ್ಚುವ ದೊಡ್ಡ ಎಲೆಗಳೆಲ್ಲ ಹಾಗೇ ಇದ್ದವು. ತುದಿಯ ಎಳೆ ಕುಡಿ ಇರಲಿಲ್ಲ, ಹೂವೂ ಇರಲಿಲ್ಲ.