ಟಿ. ರೆಕ್ಸ್ ಮಾಡೆಲ್ ಮುಗ್ಗರಿಸೋದು ಯಾಕೆ?

ಪ್ರಶ್ನೆ: 1/35 ಸ್ಕೇಲಿನ ಟಿ. ರೆಕ್ಸ್ ಡೈನೋಸಾರ್‌ನ ಪ್ಲಾಸ್ಟಿಕ್ ಕಿಟ್ ಜೋಡಿಸಿದೆ. ಬಾಲ ಮೇಲೆತ್ತಿ ನಡೆಯುವ ಭಂಗಿ. ಕೈ ಬಿಟ್ಟರೆ ಸಾಕು, ಮೂಗು ಹೋಗಿ ಮೇಜಿಗೆ ಬಡಿಯುತ್ತದೆ. ನಿಜವಾದ ಪ್ರಾಣಿ ಎರಡೇ ಕಾಲಲ್ಲಿ ನಿಲ್ಲುತ್ತಿತ್ತು ಅಲ್ವಾ, ಇದಕ್ಕೇನು ರೋಗ?

ಇದು ತುಂಬಾ ಜನ ಕೇಳುವ ಪ್ರಶ್ನೆ. ನೀವು ಜೋಡಿಸಿದ್ದು ಸರಿಯಾಗೇ ಇರುತ್ತದೆ. ಬಾಲ ಟೊಳ್ಳು, ಅಷ್ಟೇ.

ನಿಜವಾದ ಟಿ. ರೆಕ್ಸ್ ಅಂದರೆ ಒಂದು ತಕ್ಕಡಿ. ಸೊಂಟವೇ ಅದರ ಮುಳ್ಳು. ತಲೆ ದೊಡ್ಡದು ನಿಜ, ಆದರೆ ತಲೆಬುರುಡೆಯಲ್ಲಿ ದೊಡ್ಡ ದೊಡ್ಡ ಕಿಂಡಿಗಳಿದ್ದವು, ಕತ್ತಿನ ಮೂಳೆಗಳ ಒಳಗೆ ಹಕ್ಕಿಗಳಿಗೆ ಇರುವ ಹಾಗೆ ಗಾಳಿ ತುಂಬುವ ಜಾಗಗಳಿದ್ದವು. ಹಾಗಾಗಿ ಮುಂಭಾಗ ಕಂಡಷ್ಟು ಭಾರ ಇರಲಿಲ್ಲ. ಬಾಲದ ಬುಡ ಮಾತ್ರ ಗಟ್ಟಿ ಮಾಂಸ. ಅಲ್ಲಿಂದ ತೊಡೆಮೂಳೆಗೆ ಅಂಟಿಕೊಂಡ ದಪ್ಪ ಸ್ನಾಯುವೇ ಕಾಲನ್ನು ಹಿಂದಕ್ಕೆ ಎಳೆಯುತ್ತಿದ್ದದ್ದು. ಕಿಟ್‌ನಲ್ಲಿ ಇದೆಲ್ಲ ಉಲ್ಟಾ: ತಲೆಗೆ ಎರಡು ದವಡೆ, ಹಲ್ಲಿನ ಸಾಲು, ನಾಲಿಗೆ, ಅಂಗುಳ ಅಂತ ಪ್ಲಾಸ್ಟಿಕ್ ಸೇರುತ್ತಲೇ ಹೋಗುತ್ತದೆ, ಬಾಲಕ್ಕೆ ಸಿಗೋದು ಎರಡು ತೆಳು ಸಿಪ್ಪೆ.

ಸುಮ್ನೆ ಒಂದು ಲೆಕ್ಕ ನೋಡಿ. 12 ಮೀಟರ್ ಉದ್ದದ ಪ್ರಾಣಿ 1/35ರಲ್ಲಿ ಸುಮಾರು 34 ಸೆಂಟಿಮೀಟರ್. ತೂಕವನ್ನು ಮಾತ್ರ 35ರಿಂದ ಮೂರು ಸಲ ಭಾಗಿಸಬೇಕು, ಯಾಕಂದರೆ ಉದ್ದ, ಅಗಲ, ಎತ್ತರ ಮೂರೂ ಕುಗ್ಗಿವೆ. 8 ಟನ್ ಅಂತ ಇಟ್ಟುಕೊಂಡರೆ ಬರೋದು 187 ಗ್ರಾಂ. ನಿಮ್ಮದನ್ನು ತೂಗಿ ನೋಡಿ, ಎಷ್ಟು ಕಮ್ಮಿ ಅಂತ ಗೊತ್ತಾಗುತ್ತದೆ.

ಹಳೇ ಭಂಗಿಯ ಕಿಟ್‌ಗಳಿಗೆ ಈ ತಾಪತ್ರಯ ಇಲ್ಲ. ನ್ಯೂಯಾರ್ಕಿನ ಅಮೆರಿಕನ್ ಮ್ಯೂಸಿಯಂ ಆಫ್ ನ್ಯಾಚುರಲ್ ಹಿಸ್ಟರಿಯಲ್ಲಿ 1915ರಲ್ಲಿ ಅಸ್ಥಿಪಂಜರವನ್ನು ನೆಟ್ಟಗೆ, ಬಾಲ ನೆಲಕ್ಕೆ ಊರಿ ನಿಲ್ಲಿಸಿದ್ದರು. ಅದನ್ನು ಬಿಚ್ಚಿ ಬೆನ್ನು ಅಡ್ಡಕ್ಕೆ ಬರುವ ಹಾಗೆ ಜೋಡಿಸಿದ್ದು 1990ರ ದಶಕದಲ್ಲಿ. ನೆಟ್ಟಗಿನ ಮಾಡೆಲ್‌ಗೆ ಬಾಲವೇ ಮೂರನೇ ಕಾಲು, ಬೀಳೋ ಮಾತೇ ಇಲ್ಲ. ನನಗೇನೋ ಬೀಳುವುದೇ ಇಷ್ಟ.

ಇನ್ನು ರಿಪೇರಿ. ಅಂಟಿಸುವ ಮೊದಲೇ ಎಲ್ಲವನ್ನೂ ಟೇಪ್ ಸುತ್ತಿ ಜೋಡಿಸಿ, ನಿಲ್ಲಿಸಿ. ಬಾಲದ ಹೊರಗೆ, ಮಧ್ಯಕ್ಕೆ, ಬೇರಿಂಗ್‌ನ ಸ್ಟೀಲ್ ಗುಂಡುಗಳನ್ನು ಒಂದೊಂದಾಗಿ ಟೇಪಿನಿಂದ ಅಂಟಿಸುತ್ತಾ ಹೋಗಿ. ಮೂಗು ಮೇಲೇಳುವ ಹೊತ್ತಿಗೆ ಎಷ್ಟು ಗುಂಡು ಆಯಿತೋ ಅಷ್ಟನ್ನೂ, ಮೇಲೆ ಒಂದೆರಡು ಜಾಸ್ತಿ, ಅದೇ ಜಾಗದಲ್ಲಿ ಒಳಗಿಟ್ಟು ಎಪಾಕ್ಸಿ ಅಂಟು ಹಾಕಿ. ತುದಿಯ ಕಡೆ ಹೋದಷ್ಟೂ ಕಡಿಮೆ ಗುಂಡು ಸಾಕು, ಆದರೆ ಅಲ್ಲಿ ಜಾಗವೇ ಇರಲ್ಲ.

ನಾನು ಮೊದಲ ಸಲ ಸೀಸದ ಚೂರು ತುಂಬಿ ಮರಕ್ಕೆ ಹಚ್ಚುವ ಬಿಳಿ ಅಂಟು ಸುರಿದಿದ್ದೆ. ಚೆನ್ನಾಗೇ ನಿಂತಿತ್ತು. ತಿಂಗಳುಗಳು ಕಳೆದ ಮೇಲೆ ನೋಡಿದರೆ ಬಾಲದ ಜೋಡು ಬಾಯಿ ಬಿಟ್ಟಿದೆ, ಬಿರುಕಿನಲ್ಲಿ ಬಿಳಿ ಪುಡಿ. ಆ ಅಂಟಿನಿಂದ ಬರುವ ಆಮ್ಲಕ್ಕೆ ಸೀಸ ತುಕ್ಕು ಹಿಡಿದ ಹಾಗೆ ಉಬ್ಬಿ ಪ್ಲಾಸ್ಟಿಕ್ಕನ್ನೇ ಸೀಳಿತ್ತು. ಬಣ್ಣ ಬಳಿಯೋಕೆ ಎರಡು ವಾರ ಕಳೆದಿದ್ದೆ, ಹೊಟ್ಟೆ ಉರಿಯಿತು.

ಕಾಲಿನ ಜೋಡು ಪೂರ್ತಿ ಒಣಗೋ ತನಕ ಮೈಭಾರ ಬಿಡಬೇಡಿ. ಪ್ಲಾಸ್ಟಿಕ್ ಅಂಟು ಕೆಲಸ ಮಾಡೋದೇ ಪ್ಲಾಸ್ಟಿಕ್ಕನ್ನು ಕರಗಿಸಿ, ಅವಸರ ಮಾಡಿದರೆ ಬೆಳಗಾಗೋದರೊಳಗೆ ಹಿಮ್ಮಡಿ ವಾಲಿರುತ್ತದೆ.

ಈಗಾಗಲೇ ಅಂಟಿಸಿ ಬಣ್ಣ ಹೊಡೆದಾಗಿದೆಯಾ? ಹಾಗಾದರೆ ಬಾಲ ಮುಟ್ಟಬೇಡಿ. ಅಂಗಾಲಿಗೆ ಸಣ್ಣ ತೂತು ಕೊರೆದು, ತಂತಿಯ ತುಂಡು ತೂರಿಸಿ, ಮರದ ಹಲಗೆಗೆ ಊರಿಬಿಡಿ.